ಮನೆ ಸಣ್ಣದು ಮಾಡಲು ಹೋಗಿ

ಕೊಳ್ಳುವ ತನಕ ಮನೆ ದೊಡ್ಡದಿರಲಿ ಎಂದು ಎಲ್ಲರಿಗೂ ಆಸೆ. ಕೊಂಡ ಮೇಲೆ ಪುರಸಭೆಯವರ ಕಣ್ಣಿಗೆ ಮಾತ್ರ ಅದು ಸಣ್ಣದಾಗಿ ಕಾಣಲಿ ಎಂದು ಇನ್ನೊಂದು ಆಸೆ. ಸಿಂದಗಿಯಲ್ಲಿ ನಾನು ಮನೆ ಕೊಂಡ ಮರುವರ್ಷವೇ ಆಸ್ತಿ ತೆರಿಗೆ ದುಪ್ಪಟ್ಟಾಯಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಾದರೂ ಈ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ತಕರಾರು ತೆಗೆದೆ. "ಬಂದು ಅಳತಿ ಮಾಡ್ತೇವಿ ತಗೋರಿ" ಎಂದರು.

ಅವರು ಬರುವ ದಿನವೇ ಚಡಚಣದಿಂದ ನಮ್ಮ ಮಾವನವರೂ ಬಂದಿಳಿಯಬೇಕೆ? ದ್ರಾಕ್ಷಿ ವ್ಯಾಪಾರಸ್ಥರು. ಸುಗ್ಗಿಯ ಗಡಿಬಿಡಿಯಲ್ಲಿ ಗೃಹಪ್ರವೇಶಕ್ಕೆ ಬಂದಿರಲಿಲ್ಲ. ಆ ಧೈರ್ಯದ ಮೇಲೆ ನಾನು ಫೋನಿನಲ್ಲೇ ಮನೆಯನ್ನು ದೇಸಾಯರ ವಾಡೆಯಷ್ಟು ಬೆಳೆಸಿಟ್ಟಿದ್ದೆ. ಅವರು ಚಹಾದ ಕಪ್ಪು ಕೈಗೆತ್ತಿಕೊಳ್ಳುವ ಹೊತ್ತಿಗೆ ಪುರಸಭೆಯ ಸಾಹೇಬರು ಟೇಪು ಹಿಡಿದು ಒಳಗೆ ಬಂದರು.

ಮಾವನವರ ಕಡೆ ತಿರುಗಿ "ಗಾಳಿ ಬೆಳಕು ಭರಪೂರ ಐತ್ರಿ ಮಾವಾರ" ಎನ್ನುವುದು, ಸಾಹೇಬರ ಕಡೆ ತಿರುಗಿ ಮೆಲ್ಲಗೆ "ಉಸಿರು ಕಟ್ಟತೈತ್ರಿ ಇಲ್ಲಿ" ಎನ್ನುವುದು, ಇದೇ ನನ್ನ ಕೆಲಸವಾಯಿತು. ಮಹಡಿಯ ಮೇಲಿನ ಖೋಲಿ ಅತಿಥಿಗಳಿಗೆಂದು ಮಾವನವರಿಗೆ ಆಗಲೇ ಹೇಳಿದ್ದೆ. ಸಾಹೇಬರಿಗೆ ಅದು ಉಳ್ಳಾಗಡ್ಡಿ ಇಡುವ ಜಾಗ ಎಂದೆ. ಮಾವನವರ ಕಿವಿ ಬಲು ಚುರುಕು.

"ಅಂದ್ರ ನಾ ಉಳ್ಳಾಗಡ್ಡಿ ಜೋಡಿ ಮಲಗಬೇಕೇನ್ರಿ, ಅಳಿಯಂದ್ರ?"

ಮಾವನವರು ಸಾಹೇಬರ ಕಡೆ ತಿರುಗಿ, "ಅಳಿಯಂದ್ರು ಹೇಳೂದು ಖರೆ ಐತ್ರಿ. ಇದು ಮನಿ ಅಲ್ಲ, ದ್ರಾಕ್ಷಿ ತುಂಬೋ ಡಬ್ಬಿ" ಎಂದರು. ಮರ್ಯಾದೆ ಹೋದರೂ ತೆರಿಗೆ ಉಳಿಯಿತೆಂದು ಅವರ ಕಾಲಿಗೆ ಬೀಳುವ ಮನಸ್ಸಾಯಿತು.

ಅಷ್ಟರಲ್ಲಿ ಒಗ್ಗರಣೆಯ ಸೌಟು ಹಿಡಿದೇ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಬಂದಳು. "ಡಬ್ಬಿ ಅಂತೀಯೇನಪ್ಪಾ ನನ್ನ ಮನಿಗೆ? ಏಳು, ನೋಡು ಬಾ. ಸಾಹೇಬ್ರ, ನೀವೂ ಬರ್ರಿ."

ನಾನು ಕಣ್ಣುಸನ್ನೆ ಮಾಡಿದೆ. "ಕಣ್ಣಾಗ ಕಸ ಬಿದ್ದಿದ್ರ ತೊಳ್ಕೋರಿ" ಎಂದು ಮುಂದೆ ನಡೆದಳು. ಮೆಟ್ಟಿಲ ಕೆಳಗಿನ ಕೋಣೆ, ಬಚ್ಚಲ ಪಕ್ಕದ ಕೋಣೆ, ಅದುವರೆಗೆ ಯಾರ ಲೆಕ್ಕಕ್ಕೂ ಬಾರದಿದ್ದ ಹಿತ್ತಲಿನ ತಗಡು ಹೊದಿಸಿದ ಪತ್ರಾಸಿನ ಖೋಲಿ, ಒಂದನ್ನೂ ಬಿಡದೆ ತೋರಿಸಿದಳು. ಟೇಪಿನ ಒಂದು ತುದಿಯನ್ನು ತಾನೇ ಹಿಡಿದುಕೊಂಡಳು. ಸಾಹೇಬರು ಅವಲಕ್ಕಿ ತಿಂದು, "ಮನಿ ಚಲೋ ಇಟ್ಟೀರಿ, ಅಕ್ಕಾರ" ಎಂದು ಹೊರಟರು.

ಹೊಸ ತೆರಿಗೆ ಹಳೆಯ ದುಪ್ಪಟ್ಟನ್ನೂ ಮೀರಿಸಿತು. ಮುಖ ಸಪ್ಪೆ ಮಾಡಿಕೊಂಡು ಮಾವನವರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಎಷ್ಟೆಂದು ಎರಡೆರಡು ಸಲ ಕೇಳಿ, "ನಮ್ಮ ಮನಿಗೂ ಇಷ್ಟು ತೆರಿಗಿ ಇಲ್ರಿ. ದೊಡ್ಡ ಮನೀನ ತಗೊಂಡೀರಿ ಬಿಡ್ರಿ" ಎಂದರು. ಮದುವೆಯಾದಾಗಿನಿಂದ ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಈಗ ಚಡಚಣದ ಬಾಜಾರದಲ್ಲೆಲ್ಲ ಅಳಿಯನ ತೆರಿಗೆಯದೇ ಮಾತಂತೆ.

ಮತ್ತೊಮ್ಮೆ ತಕರಾರು ತೆಗೆಯಿರಿ, ಕಡಿಮೆಯಾದೀತು ಎಂದು ಸಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದೀತು. ಆದರೆ ತೆರಿಗೆ ಇಳಿದರೆ ಮಾವನವರಿಗೆ ನಾನು ಯಾವ ಮುಖ ತೋರಿಸಲಿ?