ಊಟಕ್ಕೆ ಧನ್ಯವಾದ ಹೇಳುವ ಮೊದಲೇ ಕೇಕ್ ಕತ್ತರಿಸಲು ಅನುಮತಿ ಕೋರಿ

ಇಂದ,
ಗುನ್ವೊರ್ ಹೌಗೆನ್,
ವಧುವಿನ ತಾಯಿ,
ನೂರ್‌ಲೀ ಗ್ರಾಮ, ನಾರ್ವೆ.

ಗೆ,
ಶ್ರೀ ಅರ್ವಿದ್ ಹೌಗೆನ್,
ಅಧ್ಯಕ್ಷರು, ನೂರ್‌ಲೀ ಗ್ರಾಮ ಭವನ ಸಮಿತಿ,
ಹಾಗೂ ಮದುವೆ ಔತಣದ ನಿರ್ವಾಹಕರು,
ಹಾಗೂ ನನ್ನ ಗಂಡ.
ವಿಳಾಸ: ಮೇಲಿನದೇ.

ವಿಷಯ: ಸೆಪ್ಟೆಂಬರ್ 6ರಂದು ನಡೆಯಲಿರುವ ನಮ್ಮ ಕಿರಿಮಗಳು ಸೀವ್‌ಳ ಮದುವೆಯಲ್ಲಿ ಧನ್ಯವಾದ ಭಾಷಣಕ್ಕೆ ಕಾಯದೆ ಕೇಕ್ ಕತ್ತರಿಸುವ ಬಗ್ಗೆ.

ಉಲ್ಲೇಖ:
1) "ಚಾಕು ಕೆಳಗಿಡು ಗುನ್ವೊರ್. ಇಲ್ಲಿ ಯಾವಾಗ ಏನಾಗ್ಬೇಕು ಅಂತ ಹೇಳೋನು ನಾನು, ನೀನಲ್ಲ" ಎಂದು ತಾವು ಜುಲೈ 5ರ ಶನಿವಾರ, ಹಿರಿಮಗಳು ರಾಗ್ನಿಯ ಮದುವೆಯ ದಿನ, ಸಂಜೆ 5.10ಕ್ಕೆ ಭವನದ ಅಡುಗೆಮನೆಯಲ್ಲಿ ಹೇಳಿದ್ದು.
2) "ಹಾಗಾದ್ರೆ ಹೇಳಪ್ಪ ಮಹಾರಾಯ. ನಿಮ್ಮಣ್ಣ ಹಾಲು ಕರ್ಕೊಂಡು ಬರೋತನಕ ನಮ್ಮಮ್ಮ ಬಾಯಿ ಮುಚ್ಕೊಂಡು ಕಾಯ್ಬೇಕಾ?" ಎಂದು ನಾನು ಅದಕ್ಕೆ ಉತ್ತರಿಸಿದ್ದು.
3) "ಅಷ್ಟು ಉರೀತಿದ್ರೆ ಬರೆದು ಕೊಡು, ಸಮಿತಿ ಮುಂದೆ ಇಡ್ತೀನಿ" ಎಂದು ತಾವು ನಿನ್ನೆ ಸೋಮವಾರ ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ 3ರಲ್ಲಿ ತಾವು ಬರೆದು ಕೊಡು ಎಂದಿರಿ. ಆದಕಾರಣ ಬರೆದಿದ್ದೇನೆ. ತಾವೂ ನಾನೂ ಒಂದೇ ಮನೆಯಲ್ಲಿರುವುದರಿಂದ ಅಂಚೆ ಚೀಟಿ ಹಚ್ಚಿಲ್ಲ. ಸಮಿತಿಯ ಉಳಿದ ಸದಸ್ಯರೂ ಓದಲಿ ಎಂದು ನಡೆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ. ಅವರೆಲ್ಲ ಅವತ್ತು ಅಲ್ಲೇ ಕೂತಿದ್ದರು, ಆದರೆ ಒಬ್ಬರೂ ಬಾಯಿ ಬಿಡಲಿಲ್ಲ.

1. ನನ್ನ ತಾಯಿ ಬೋರ್ಗಿಲ್, ವಯಸ್ಸು 91, ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಅವರನ್ನು ಕರೆತಂದ ಆರೈಕೆ ಮನೆಯ ಗಾಡಿ ಸಂಜೆ ಐದೂವರೆಗೆ ವಾಪಸ್ ಕರೆದೊಯ್ಯಲು ಬರುವುದೆಂದು ಮೇ ತಿಂಗಳಲ್ಲೇ ತಮಗೆ ಮೂರು ಸಲ ಹೇಳಿದ್ದೆ. ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೆ. ತಾವು ಅದರ ಮೇಲೆ ಟ್ರ್ಯಾಕ್ಟರ್ ಟಯರಿನ ಜಾಹೀರಾತು ಅಂಟಿಸಿದಿರಿ. ನಾವೇ ಆಮೇಲೆ ಬಿಟ್ಟು ಬರೋಣ ಎನ್ನುವಂತೆಯೂ ಇರಲಿಲ್ಲ. ಮೊದಲ ಭಾಷಣಕ್ಕೇ ಎಲ್ಲರೂ ವೈನ್ ಎತ್ತಿದ್ದರು. ವೈನ್ ಕುಡಿದವನು ಗಾಡಿ ಓಡಿಸಿದರೆ ಮದುವೆ ಮನೆ ಎಂದು ಪೊಲೀಸರು ಬಿಡುವುದಿಲ್ಲ.

2. ಅಮ್ಮ ಈಸ್ಟರ್ ಹಬ್ಬದಿಂದ ಒಂದೇ ಒಂದು ಆಸೆ ಹೇಳುತ್ತಿದ್ದರು. ಕೇಕ್ ಕತ್ತರಿಸುವಾಗ ಚಾಕುವಿನ ಮೇಲೆ ವಧು ವರರ ಕೈಗಳಲ್ಲಿ ಯಾರ ಕೈ ಮೇಲಿರುತ್ತದೋ ಮನೆಯಲ್ಲಿ ಅವರ ಮಾತು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. "ನನ್ನ ಮದುವೇಲಿ ನನ್ನ ಕೈ ಮೇಲಿತ್ತು. ನಿನ್ನ ಮದುವೇಲಿ ನಿನ್ನದು. ರಾಗ್ನಿದು ಎಲ್ಲಿರುತ್ತೆ ಅಂತ ನನ್ನ ಕಣ್ಣಲ್ಲೇ ನೋಡ್ಬೇಕು ಕಣೇ, ಇನ್ನೊಂದು ವರ್ಷ ಆದ್ರೆ ಈ ಕಣ್ಣೂ ಇರಲ್ಲ" ಎನ್ನುತ್ತಿದ್ದರು. ಆದ್ದರಿಂದ ಅವರನ್ನು ಕೇಕಿನ ಮೇಜಿನ ಪಕ್ಕದಲ್ಲೇ ಕೂರಿಸಿದ್ದೆ. ನಮ್ಮ ಮದುವೆಯಲ್ಲಿ ನನ್ನ ಕೈ ಮೇಲಿದ್ದುದರ ಬಗ್ಗೆ ತಾವು ಮೂವತ್ತೊಂದು ವರ್ಷಗಳಿಂದ ಯಾವ ಆಕ್ಷೇಪಣೆಯನ್ನೂ ಸಲ್ಲಿಸಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

3. ಕೇಕ್ ನಾನೇ ಮಾಡಿದ್ದು. ಮೂವತ್ತಾರು ಮೊಟ್ಟೆ, ನಾಲ್ಕು ಲೀಟರ್ ಕೆನೆ, ಹೋದ ವರ್ಷ ಗುಡ್ಡದ ಜೌಗಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಆರಿಸಿದ ಹಳದಿ ಹಣ್ಣು, ಮೇಲೆ ಬಾದಾಮಿ ಹಿಟ್ಟಿನ ಹಾಳೆ. ಅವತ್ತು ಇಪ್ಪತ್ತೇಳು ಡಿಗ್ರಿ ಬಿಸಿಲು. ನಾಲ್ಕು ಗಂಟೆಗೆ ಕೇಕ್ ಬೆವರುತ್ತಿತ್ತು, ಐದಕ್ಕೆ ಎಡಕ್ಕೆ ವಾಲಿತು. ನಾನೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದ್ದೆ.

4. ಊಟ ಮುಗಿದ ಮೇಲೆ ಮನೆಯೊಡತಿಯ ಎಡಗಡೆ ಕೂತ ಗಂಡಸು ಎದ್ದು ಊಟಕ್ಕೆ ಧನ್ಯವಾದ ಹೇಳಬೇಕು. ಅಲ್ಲಿಯವರೆಗೆ ಯಾರೂ ಮೇಜು ಬಿಟ್ಟು ಏಳುವಂತಿಲ್ಲ. ಎದ್ದ ಮೇಲೆ ಕಾಫಿ, ಕಾಫಿಯ ಜೊತೆ ಕೇಕ್. ಈ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಎಡಗಡೆ ಕೂರಿಸಿದ ಗಂಡಸಿನ ಬಗ್ಗೆ. ಅವರು ತಮ್ಮ ಅಣ್ಣ ಸಿಗ್ವಾಲ್. ಸಿಗ್ವಾಲ್ ಭಾವನಿಗೆ ಇಪ್ಪತ್ತೆರಡು ಹಸುಗಳಿವೆ. ಆ ಹಸುಗಳ ಹಾಲನ್ನು ತಮ್ಮ ತಂದೆಯವರ ಕಾಲದಿಂದಲೂ ಸಂಜೆ ನಾಲ್ಕೂವರೆಗೇ ಕರೆಯುವುದು. ತಾವು ಹುಟ್ಟಿ ಬೆಳೆದದ್ದು ಅದೇ ಕೊಟ್ಟಿಗೆಯ ಪಕ್ಕ. ಎರಡು ಗಂಟೆಗೆ ಶುರುವಾಗುವ ಊಟದ ಕೊನೆಯ ಮಾತಿಗೆ ತಾವು ನಾಲ್ಕೂವರೆಗೆ ಎದ್ದು ಹೋಗಲೇಬೇಕಾದ ಮನುಷ್ಯನ ಹೆಸರು ಬರೆದಿರಿ. ಅವನು ನಮ್ಮಣ್ಣ, ಅವನಿಗೆ ಬೇಜಾರಾಗುತ್ತದೆ ಎಂದಿರಿ.

5. ಪಟ್ಟಿಯಲ್ಲಿ ಹದಿನಾಲ್ಕು ಭಾಷಣ ಇದ್ದದ್ದು ಹದಿನೇಳಾಯಿತು. ಹಿಮ ತಳ್ಳುವ ಗಾಡಿ ಓಡಿಸುವ ನಮ್ಮ ಅಳಿಯ ಐವಿಂದ್‌ನ ಮೇಲಧಿಕಾರಿ ಹನ್ನೊಂದು ನಿಮಿಷ ಹಿಮದ ಬಗ್ಗೆಯೇ ಮಾತಾಡಿದರು, ಅದೂ ಜುಲೈನಲ್ಲಿ. ತಮ್ಮ ಚಿಕ್ಕಮ್ಮಂದಿರು ಮೂವರು ಸ್ವತಃ ಕಟ್ಟಿದ ಹತ್ತೊಂಬತ್ತು ನುಡಿಯ ಹಾಡನ್ನು ಅಚ್ಚು ಹಾಕಿಸಿ ಹಂಚಿ ಹಾಡಿಸಿದರು. ನಡುನಡುವೆ ಯಾರೋ ಲೋಟಕ್ಕೆ ಚಮಚ ಬಡಿಯುವುದು, ಮದುಮಕ್ಕಳು ಕುರ್ಚಿ ಹತ್ತಿ ಮುತ್ತು ಕೊಡುವುದು. ಮುತ್ತಿಗೆ ನನ್ನ ಅಭ್ಯಂತರವಿಲ್ಲ. ಅಷ್ಟು ಉದ್ದದ ಲಂಗ ಎತ್ತಿಕೊಂಡು ಕುರ್ಚಿ ಹತ್ತಿ ಇಳಿಯುವುದಕ್ಕೆ ಹಿಡಿಯುವ ಹೊತ್ತಿಗೆ ಅಭ್ಯಂತರವಿದೆ. ಅದನ್ನು ಮೂವತ್ತು ಸಲ ಮಾಡಿದರು.

6. ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಸಿಗ್ವಾಲ್ ಭಾವ ಗಡಿಯಾರ ನೋಡಿ ಕರವಸ್ತ್ರ ಮಡಚಿದರು.

"ಗುನ್ವೊರ್, ಹೋಗಿ ಹಾಲು ಕರೆದು ಬಂದ್ಬಿಡ್ತೀನಿ. ಕೊಟ್ಟಿಗೆ ಗುಡ್ಡದ ಮೇಲ್ಗಡೆನೇ ತಾನೆ."

"ಭಾವ, ಎರಡು ಮಾತಲ್ಲಿ ಧನ್ಯವಾದ ಹೇಳಿ ಹೋಗಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಎರಡು ಮಾತಾ? ಹನ್ನೊಂದು ಪುಟ ಬರ್ದಿದೀನಮ್ಮ. ಅದೂ ಅಲ್ದೆ ಇನ್ನೂ ನಾಲ್ಕು ಜನ ಮಾತಾಡೋರಿದಾರೆ. ಕೊನೇ ಮಾತು ಮಧ್ಯದಲ್ಲಿ ಆಡೋಕಾಗುತ್ತಾ?"

ಹನ್ನೊಂದು ಪುಟವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಗುಡ್ಡ ಹತ್ತಿದರು.

7. ಐದು ಗಂಟೆ ಐದು ನಿಮಿಷಕ್ಕೆ ಉಳಿದ ಭಾಷಣಗಳೆಲ್ಲ ಮುಗಿದವು. ತೊಂಬತ್ನಾಲ್ಕು ಜನ ಖಾಲಿ ತಟ್ಟೆ ನೋಡುತ್ತ ಕೂತರು. ಒಬ್ಬರೂ ಏಳಲಿಲ್ಲ. ಪಾದ್ರಿಯವರು ಕಾಲಿನ ಮೇಲೆ ಕಾಲು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರು, ಪಾಪ, ಅವರ ಕಷ್ಟ ಏನೆಂದು ಎಲ್ಲರಿಗೂ ತಿಳಿಯುತ್ತಿತ್ತು. ನಾನು ಪದ್ಧತಿ ಮುರಿದು ಎದ್ದು ಅಡುಗೆಮನೆಗೆ ಹೋಗಿ ಕೇಕಿನ ಚಾಕು ತೆಗೆದುಕೊಂಡೆ. ತಾವು ಹಿಂದೆಯೇ ಬಂದಿರಿ. ಉಲ್ಲೇಖ 1 ಮತ್ತು 2 ಆಗ ನಡೆದವು. ಮುಂದಿನದನ್ನು ತಾವು ಮರೆತಿರಬಹುದಾದ ಕಾರಣ ಕೆಳಗೆ ಬರೆದಿದ್ದೇನೆ.

"ಊಟಕ್ಕೆ ಧನ್ಯವಾದ ಹೇಳ್ದೆ ಕೇಕ್ ಕುಯ್ದ ಮನೆ ಈ ಊರಲ್ಲಿ ಯಾವ್ದಿದೆ ತೋರ್ಸು" ಎಂದಿರಿ.

"ಅಡುಗೆ ಮಾಡಿದೋಳು ಯಾರು? ನಾನು. ನಂಗೆ ಧನ್ಯವಾದ ಬೇಡ ಅಂತ ನಾನೇ ಹೇಳ್ತಿದೀನಲ್ಲ."

"ನಿಂಗೆ ಬೇಕೋ ಬೇಡ್ವೋ ಅನ್ನೋದಲ್ಲ ಪ್ರಶ್ನೆ."

"ಮತ್ತೆ ಯಾರಿಗ್ ಬೇಕು? ಹಸುಗಳಿಗಾ?"

ಅಷ್ಟರಲ್ಲಿ ರಾಗ್ನಿ ಬಂದಳು. "ಅಪ್ಪ, ಈಗ್ಲೇ ಕುಯ್ದುಬಿಡ್ತೀವಿ. ಅಜ್ಜಿ ಬಾಗಿಲ ಕಡೆನೇ ನೋಡ್ತಾ ಕೂತಿದಾರೆ" ಎಂದಳು. ತಾವು "ದೊಡ್ಡಪ್ಪ ಏನಂದ್ಕೊಳ್ತಾರೆ ಮಗಳೇ, ಇನ್ನು ಹತ್ತು ನಿಮಿಷ" ಎಂದಿರಿ. ಅವಳು ನನ್ನ ಮುಖ ನೋಡಿದಳು, ತಮ್ಮ ಮುಖ ನೋಡಿದಳು, ಮದುವೆಯ ದಿನ ಅಪ್ಪ ಅಮ್ಮನ ನಡುವೆ ಆರಿಸಲಾರದೆ ಹೋಗಿ ಕೂತಳು. ಆಮೇಲೆ ತಾವು ಹೊರಗೆ ಹೋಗಿ ತೊಂಬತ್ನಾಲ್ಕು ಜನರಿಂದ ಇನ್ನೊಂದು ಹಾಡು ಹೇಳಿಸಿದಿರಿ.

8. ಐದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಗಾಡಿಯ ಚಾಲಕ ಬಾಗಿಲಲ್ಲಿ ನಿಂತ. ಕಾಲು ಗಂಟೆ ತಡಿಯಪ್ಪ ಎಂದು ಬೇಡಿಕೊಂಡೆ. "ಆಗಲ್ಲಕ್ಕ. ಗಾಡೀಲಿ ಇನ್ನಿಬ್ರು ಕೂತಿದಾರೆ, ಆರು ಗಂಟೆಗೆ ಅವ್ರಿಗೆ ಇಂಜೆಕ್ಷನ್ ಇದೆ" ಎಂದ. ಅವನದು ತಪ್ಪಿಲ್ಲ.

ಅಮ್ಮ ನಡೆಯಲು ಆಸರೆಯಾದ ತಳ್ಳುಗಾಲಿ ಹಿಡಿದು ಯಾರ ನೆರವೂ ಇಲ್ಲದೆ ಎದ್ದು ನಿಂತರು. ಹಾಡು ನಿಂತಿತು.

"ಊಟ ಚೆನ್ನಾಗಿತ್ತು" ಎಂದರು. "ಮಾಂಸ ಸ್ವಲ್ಪ ಒಣಗಿತ್ತು. ಮಾಡ್ದೋರಿಗೆ ಧನ್ಯವಾದ."

ಕೇಕಿನ ಮುಂದೆ ಒಂದು ಕ್ಷಣ ನಿಂತು, ಮುಖ ಹತ್ತಿರ ಒಯ್ದು ನೋಡಿದರು. "ವಾಲಿದೆ" ಎಂದರು. ಭವನದ ಉದ್ದಕ್ಕೂ ನಡೆಯಲು ಅವರಿಗೆ ನಾಲ್ಕು ನಿಮಿಷ ಬೇಕಾಯಿತು. ತಾವು ಓಡಿ ಹೋಗಿ ಬಾಗಿಲು ತೆರೆದು ಹಿಡಿದಿರಿ. "ಬೇಜಾರು ಮಾಡ್ಕೋಬೇಡಿ ಅತ್ತೆ" ಎಂದಿರಿ. ಅವರು ತಳ್ಳುಗಾಲಿಯನ್ನು ಹೊಸ್ತಿಲು ದಾಟಿಸಿಕೊಂಡು ಹೊರಟುಹೋದರು.

9. ತೊಂಬತ್ನಾಲ್ಕು ಜನರ ಎದುರು ಒಬ್ಬರು ಎದ್ದು ನಿಂತು ಊಟಕ್ಕೆ ಧನ್ಯವಾದ ಹೇಳಿ ಆಗಿತ್ತು. ಅಂದರೆ ಆ ಕ್ಷಣದಿಂದ ಕೇಕ್ ಕತ್ತರಿಸಲು ಯಾವ ಅಡ್ಡಿಯೂ ಇರಲಿಲ್ಲ. ಅಮ್ಮ ಇನ್ನೂ ಭವನದ ಒಳಗಿದ್ದಾಗಲೇ ನಾನು ಇದನ್ನು ಕೂಗಿ ಹೇಳಿದೆ. ತಾವು ಪಟ್ಟಿ ತೆಗೆದು, "ತಡಿ, ಹೆಂಗಸ್ರು ಹೇಳಿದ್ದನ್ನ ಲೆಕ್ಕಕ್ಕೆ ಹಿಡೀಬಹುದಾ ಅಂತ ಪಾದ್ರಿಯವ್ರನ್ನ ಕೇಳ್ತೀನಿ" ಎಂದಿರಿ. ಪಾದ್ರಿಯವರು ಅಷ್ಟರಲ್ಲಿ ಶೌಚಾಲಯಕ್ಕೆ ಓಡಿದ್ದರು. ಅವರು ಹೊರಗೆ ಬಂದು ಹಿಡಿಯಬಹುದು ಎಂದಾಗ ಐದು ಗಂಟೆ ನಲವತ್ತೊಂದು ನಿಮಿಷ. ಕೇಕ್ ಕತ್ತರಿಸಿದ್ದು ನಲವತ್ಮೂರಕ್ಕೆ. ಯಾರ ಕೈ ಮೇಲಿತ್ತೋ ನನಗೆ ಗೊತ್ತಿಲ್ಲ. ನಾನು ಕಿಟಕಿಯಲ್ಲಿ ನಿಂತು ಗಾಡಿ ಸೇತುವೆ ದಾಟುವುದನ್ನು ನೋಡುತ್ತಿದ್ದೆ. ರಾಗ್ನಿಯನ್ನೇ ಕೇಳಿದೆ. "ನೆನಪಿಲ್ಲಮ್ಮ, ನಾನು ಅಳ್ತಿದ್ದೆ" ಎಂದಳು.

ಸಿಗ್ವಾಲ್ ಭಾವ ಆರು ಹತ್ತಕ್ಕೆ ಬಂದು, ಕಾಫಿ ಕುಡಿಯುತ್ತಿದ್ದವರ ನಡುವೆ ಹನ್ನೊಂದು ಪುಟವನ್ನೂ ಓದಿದರು. ಏಳನೇ ಪುಟದಲ್ಲಿ ತಾವಿಬ್ಬರೂ ಚಿಕ್ಕವರಿದ್ದಾಗ ಒಂದೇ ಜೊತೆ ಬೂಟನ್ನು ಸರದಿಯಲ್ಲಿ ಹಾಕಿಕೊಂಡು ಶಾಲೆಗೆ ಹೋದ ಮಾತಿತ್ತು. ಚೆನ್ನಾಗಿತ್ತು. ನಾನೂ ಸ್ವಲ್ಪ ಅತ್ತೆ. ಅದನ್ನು ಈ ಅರ್ಜಿಯ ವಿರುದ್ಧ ಸಾಕ್ಷಿಯಾಗಿ ಬಳಸಬಾರದು.

10. ಭಾನುವಾರ ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿ ಅಮ್ಮನ ಬಳಿಗೆ ಹೋದೆ. ಮುಚ್ಚಳ ತೆಗೆಯಲೂ ಬಿಡಲಿಲ್ಲ.

"ನಾನೇನು ಕೇಕ್ ಕಾಣ್ದೋಳಾ? ತಗೊಂಡ್ಹೋಗು."

"ಸೆಪ್ಟೆಂಬರಿಗೆ ಸೀವ್ ಮದುವೆ ಇದೆಯಲ್ಲಮ್ಮ, ಅವತ್ತು ನಾನೇ ನಿಂತು..."

"ನಾನು ಬರಲ್ಲ ಕಣೇ. ಮೂರೂವರೆ ಗಂಟೆ ನೆಟ್ಟಗೆ ಕೂತಿದ್ದೆ, ನೋವಿನ ಮಾತ್ರೆ ತಗೊಂಡ್ರೆ ನಿದ್ದೆ ಬರುತ್ತೆ ಅಂತ ಅದನ್ನೂ ನುಂಗಿರ್ಲಿಲ್ಲ. ಇನ್ನು ನನ್ನ ಕೈಲಾಗಲ್ಲ. ನಿನ್ನ ಗಂಡನಿಗೆ ಹೇಳು, ಅವನ ಪಟ್ಟೀಲಿ ಒಂದು ಕುರ್ಚಿ ಉಳೀತು ಅಂತ."

ಮಾತ್ರೆಯ ವಿಷಯ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮಗೂ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ತಿಳಿಸಿದ್ದೇನೆ.

ಮೇಲ್ಕಂಡ ಎಲ್ಲ ಕಾರಣಗಳಿಂದ, ಸೆಪ್ಟೆಂಬರ್ 6ರಂದು

ಅ) ಚರ್ಚಿನಿಂದ ಬಂದ ಕೂಡಲೇ, ಸೂಪಿಗೂ ಮೊದಲು, ಕೇಕ್ ಕತ್ತರಿಸಲು ಅನುಮತಿ ನೀಡಬೇಕಾಗಿಯೂ,

ಆ) ಊರಿನವರು ಏನನ್ನುತ್ತಾರೆ ಎಂಬ ಪ್ರಶ್ನೆ ಬಂದಲ್ಲಿ ಅವರನ್ನು ನನ್ನ ಹತ್ತಿರ ಕಳಿಸಬೇಕಾಗಿಯೂ,

ಇ) ಈ ವಾರದೊಳಗೆ ಅಧ್ಯಕ್ಷರು ಖುದ್ದಾಗಿ, ಟೈ ಕಟ್ಟಿಕೊಂಡು, ಆರೈಕೆ ಮನೆಗೆ ಹೋಗಿ ಶ್ರೀಮತಿ ಬೋರ್ಗಿಲ್ ಅವರನ್ನು ಮದುವೆಗೆ ಕರೆಯಬೇಕಾಗಿಯೂ, ಅವರು ಬಯ್ದಲ್ಲಿ ಕೊನೆಯವರೆಗೆ ಕೇಳಿಸಿಕೊಳ್ಳಬೇಕಾಗಿಯೂ

ಕೋರುತ್ತೇನೆ.

ಸ್ಥಳ: ನೂರ್‌ಲೀ
ದಿನಾಂಕ: ಜುಲೈ 8, ಮಂಗಳವಾರ

ಇಂದಿಗೂ, ಬಹುಮಟ್ಟಿಗೆ, ತಮ್ಮ ವಿಶ್ವಾಸಿ,
ಗುನ್ವೊರ್ ಹೌಗೆನ್

ಲಗತ್ತುಗಳು:
1) ತಮ್ಮ ಕೈಬರಹದಲ್ಲಿರುವ, ಊಟಕ್ಕೆ ಯಾರು ಎಲ್ಲಿ ಕೂರಬೇಕೆಂಬ ನಕ್ಷೆ.
2) ಫ್ರಿಜ್ಜಿನ ಚೀಟಿ, ಟಯರಿನ ಜಾಹೀರಾತು ಸಮೇತ.
3) ಕೇಕಿನ ಒಂದು ತುಂಡು, ಡಬ್ಬಿಯಲ್ಲಿ. ಸಾಕ್ಷ್ಯವಾದ್ದರಿಂದ ತಿನ್ನತಕ್ಕದ್ದಲ್ಲ.

ವಿಶೇಷ ಸೂಚನೆ: ಸಮಿತಿಯ ಮುಂದಿನ ಸಭೆ ಅಕ್ಟೋಬರಿನಲ್ಲಿದೆ ಎಂದು ತಿಳಿದುಬಂದಿದೆ. ಅರ್ಜಿದಾರಳ ತಾಯಿಗೆ ತೊಂಬತ್ತೊಂದು ವರ್ಷ. ಶೀಘ್ರ ಕ್ರಮ ಕೋರಿದೆ.