ಮಗನ ಮುಂಬಡ್ತಿಗೊಂದು ಅರ್ಜಿ

ಅರ್ಜಿಯ ಮೇಲೆ ನನಗಿರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ದೇವರಾದರೂ ಒಮ್ಮೊಮ್ಮೆ ಕೈಕೊಡುತ್ತಾನೆ. ವಿಷಯ, ಉಲ್ಲೇಖ, ಲಗತ್ತುಗಳೆಲ್ಲ ಸರಿಯಾಗಿರುವ ಅರ್ಜಿ ಇವತ್ತಲ್ಲ ನಾಳೆ ಯಾರದಾದರೂ ಮೇಜಿನಿಂದ ಎದ್ದೇ ಏಳುತ್ತದೆ. ಮತ್ತಿಕೆರೆಯ ಕಾಲೇಜೊಂದರ ಪರೀಕ್ಷಾ ವಿಭಾಗದ ಎರಡನೇ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕುಳಿತವನ ಮಾತಿದು. ಗದಗಿನಿಂದ ಟ್ರಂಕು ಹೊತ್ತು ಬಂದ ನನಗೆ ಈ ಊರಿನಲ್ಲಿ ನೌಕರಿ, ಅಟ್ಟೂರಿನ ಮನೆಗೆ ನಲ್ಲಿ, ಕರೆಂಟು, ಎಲ್ಲವೂ ಅರ್ಜಿ ಹಾಕಿಯೇ ಬಂದವು. ಹೆಂಡತಿ ಗಿರಿಜಾ ಒಬ್ಬಳೇ ಅರ್ಜಿಯಿಲ್ಲದೆ ಬಂದವಳು. ಅದಕ್ಕೇ ಇರಬೇಕು, ನನ್ನ ಮಾತು ಕೇಳುವುದಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ವಿನಾಯಕ ಫುಟ್‌ಬಾಲ್ ಆಟಗಾರನಾದ. ಸಂಜೆ ಗಲ್ಲಿಯಲ್ಲಿ ಆಡುವ ಆಟಗಾರನಲ್ಲ; ಹತ್ತೊಂಬತ್ತಕ್ಕೇ ಕ್ಲಬ್ಬೊಂದು ಅವನನ್ನು ಒಂದು ವರ್ಷದ ಕರಾರಿನ ಮೇಲೆ ಸಂಬಳಕ್ಕೆ ತೆಗೆದುಕೊಂಡಿತು. ಡಿಗ್ರಿ ಓದನ್ನು ಅರ್ಧಕ್ಕೆ ಬಿಟ್ಟು ಸೇರಿಕೊಂಡ. ನಾನು ಕಾಲೇಜಿನಲ್ಲಿ ಎಲ್ಲರಿಗೂ ಧಾರವಾಡ ಪೇಡೆ ಹಂಚಿದೆ. ಹಂಚಿದ ಮೇಲೆ ತಿಳಿಯಿತು, ಅವನು ಡಿಫೆಂಡರ್ ಅಂತೆ. ಅಂದರೆ ಹಿಂದೆ ನಿಂತುಕೊಂಡು ಬಂದವರನ್ನು ತಡೆಯುವವನು. ನನಗೆ ಪಿಚ್ಚೆನಿಸಿತು. ಶಾಲೆಯಲ್ಲೂ ಅವನು ಉದ್ದ ಇದ್ದಾನೆಂದು ಪ್ರಾರ್ಥನೆಯ ಸಾಲಿನಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ಗ್ರೂಪ್ ಫೋಟೋದಲ್ಲೂ ಹಿಂದೆ, ತರಗತಿಯಲ್ಲಿ ಕೊನೆಯ ಬೆಂಚು. ಸಂಬಳಕ್ಕೆ ಸೇರಿದ ಮೇಲೂ ಹಿಂದೆಯೇ ನಿಲ್ಲಬೇಕೇ ನನ್ನ ಮಗ?

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ, ನಮ್ಮ ಬೀದಿಯಲ್ಲಿ ಮುನಿರಾಜಪ್ಪನವರು ಇಲ್ಲದೇ ಹೋಗಿದ್ದರೆ. ನಮ್ಮ ಲೇಔಟು ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ನನ್ನ ಮಲಗುವ ಕೋಣೆಯ ಜಾಗದಲ್ಲಿ ಅವರ ಎಮ್ಮೆ ಕಟ್ಟುತ್ತಿದ್ದರೆಂದು ಬಂದ ನೆಂಟರಿಗೆಲ್ಲ ಹೇಳುತ್ತಾರೆ. ಪ್ರತಿ ಪಂದ್ಯದ ಮಾರನೆಯ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಕಾದು ನಿಂತು ಕೇಳುತ್ತಿದ್ದರು.

"ಎಷ್ಟ್ ಒಡ್ದ ಸ್ವಾಮಿ ನಿಮ್ ಉಡ್ಗ?"

"ಅವನು ಡಿಫೆಂಡರ್ ಅದಾನ್ರೀ..."

"ಅದೇನಾದ್ರೂ ಇರ್ಲಿ. ಒಂದೇ ಒಂದ್ ಗೋಲ್ ಒಡೀಲಿ, ಲೇಔಟ್ ಗೇಟ್‌ಗೆ ಇಷ್ಟ್ ಅಗ್ಲ ಫ್ಲೆಕ್ಸ್ ಆಕುಸ್ತೀನಿ!"

ಎಂಟು ಪಂದ್ಯ, ಎಂಟು ಬೆಳಿಗ್ಗೆ ಹೀಗೇ ಆಯಿತು. ಒಂಬತ್ತನೆಯದನ್ನು ತಡೆಯಲಾರದೆ ನಾನು ಕೋಚ್ ಸಾಹೇಬರಿಗೆ ಅರ್ಜಿ ಬರೆದೆ. ನನ್ನ ಸೇವಾವಧಿಯಲ್ಲೇ ಅಷ್ಟು ಚೆಂದದ ಅರ್ಜಿ ಬರೆದಿರಲಿಲ್ಲ. "ವಿಷಯ: ನನ್ನ ಮಗನನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಮುಂಬಡ್ತಿ ನೀಡುವ ಬಗ್ಗೆ. ಸದರಿ ಆಟಗಾರನು ಎಂಟು ಪಂದ್ಯಗಳಿಂದ ಯಾವುದೇ ದೂರಿಗೆ ಆಸ್ಪದವಿಲ್ಲದಂತೆ ಹಿಂದೆ ಸೇವೆ ಸಲ್ಲಿಸಿದ್ದು, ಸೇವಾ ಹಿರಿತನವನ್ನು ಪರಿಗಣಿಸಿ ಗೋಲು ಹೊಡೆಯುವ ಹುದ್ದೆಗೆ ನೇಮಿಸಬೇಕಾಗಿ ವಿನಂತಿ." ಜೊತೆಗೆ, ಅವನು ಮೂರನೇ ತರಗತಿಯಲ್ಲಿ ನಿಂಬೆಹಣ್ಣು-ಚಮಚದ ಓಟದಲ್ಲಿ ಎರಡನೇ ಬಹುಮಾನ ಪಡೆದ ಪ್ರಮಾಣಪತ್ರದ ನಕಲನ್ನು ಪ್ರಾಂಶುಪಾಲರಿಂದ ದೃಢೀಕರಣ ಮಾಡಿಸಿ ಲಗತ್ತಿಸಿದೆ. ಮಗನಿಗೆ ಹೇಳದೆ ಯಲಹಂಕದ ಮೈದಾನಕ್ಕೆ ಹೋಗಿ ಗೇಟಿನಲ್ಲಿ ಕೊಟ್ಟು, ಸ್ವೀಕೃತಿಗೆ ವಾಚ್‌ಮನ್ನನ ಸಹಿಯನ್ನೂ ಪಡೆದೆ.

ಕೋಚ್ ಕೇರಳದವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಏನೋ ಮುಖ್ಯವಾದ ಕಾಗದವೆಂದು ಗೋಲ್‌ಕೀಪರನ ಕೈಗೆ ಕೊಟ್ಟು, ಇಡೀ ತಂಡದ ಮುಂದೆ ಓದಿಸಿದರು. ಆ ಹುಡುಗ ಲಗತ್ತನ್ನೂ ಬಿಡದೆ ಓದಿದನಂತೆ. ಅವತ್ತಿನಿಂದ ನನ್ನ ಮಗನ ಹೆಸರು ತಂಡದಲ್ಲಿ "ಸದರಿ" ಎಂದಾಯಿತು. "ಲೋ ಸದರಿ, ಬಾಲ್ ಕೊಡೋ ಮಗಾ!" ಇಷ್ಟೇ ಆಗಿದ್ದರೆ ನಗಬಹುದಿತ್ತು. ಮುಂದಿನ ಪಂದ್ಯಕ್ಕೆ ಕೋಚ್ ಅವನನ್ನು ಆಡಿಸಲಿಲ್ಲ, ಬೆಂಚಿನ ಮೇಲೆ ಕೂರಿಸಿದರು.

"ಇನ್ನು ಎರಡೇ ಮ್ಯಾಚ್ ಇರೋದು ಅಪ್ಪಾ," ಎಂದ ವಿನಾಯಕ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಆಡ್ಲಿಲ್ಲ ಅಂದ್ರೆ ಕಾಂಟ್ರಾಕ್ಟ್ ರಿನ್ಯೂ ಆಗಲ್ಲ. ನಂಗೆ ಹಿಂದೆ ನಿಲ್ಲೋದೇ ಇಷ್ಟ ಕಣಪ್ಪಾ. ನಿನ್ನ ಯಾರು ಕೇಳಿದ್ರು?"

ಎರಡು ದಿನ ರೊಟ್ಟಿಯ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ. ಓದು ಬಿಟ್ಟು ಹಿಡಿದ ಬದುಕನ್ನು ಅಪ್ಪನಾದ ನಾನೇ ಒಂದು ಹಾಳೆಯಲ್ಲಿ ಮುಗಿಸಿಬಿಟ್ಟಿದ್ದೆ. ತಪ್ಪು ತಿದ್ದಲು ನನಗೆ ಗೊತ್ತಿದ್ದ ದಾರಿ ಒಂದೇ: ಉಲ್ಲೇಖದ ಮೇರೆಗೆ ಮೊದಲ ಅರ್ಜಿಯನ್ನು ಹಿಂಪಡೆಯಲು ಎರಡನೇ ಅರ್ಜಿ. "ಮಾನ್ಯರೇ" ಎಂದು ಬರೆಯುವಷ್ಟರಲ್ಲಿ ಗಿರಿಜಾ ಪೆನ್ನು ಕಿತ್ತುಕೊಂಡಳು. "ನಿಮ್ಮ ಕಾಲಿಗೆ ಬೀಳ್ತೀನ್ರಿ, ಇನ್ನೊಂದ ಬರೀಬ್ಯಾಡ್ರಿ! ದೇವರು ಬಾಯಿ ಕೊಟ್ಟಾನಲ್ಲ, ಹೋಗಿ ಬಾಯಿಲೆ ಹೇಳಿ ಬರ್ರಿ."

ಹೋದೆ. ಕೋಚ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತಾಡಲು ಬಿಡದೆ, ಅಭ್ಯಾಸ ನೋಡಿ ಎಂದರು. ಎದುರಿನಿಂದ ಒಬ್ಬ ಹುಡುಗ ಚೆಂಡು ತಳ್ಳಿಕೊಂಡು ಬಾಣದ ಹಾಗೆ ಬಂದ. ನನ್ನ ಮಗ ಅವನ ಮೇಲೆ ಬೀಳಲಿಲ್ಲ. ನಿಂತ. ಎರಡು ಹೆಜ್ಜೆ ಹಿಂದೆ ಸರಿದ. ಒಳಗಿನ ದಾರಿ ಮುಚ್ಚಿ, ಹೊರಗಿನ ದಾರಿ ತೋರಿಸುತ್ತ, ಸಾವಕಾಶವಾಗಿ ಅಂಚಿನ ಗೆರೆಯವರೆಗೂ ಕರೆದುಕೊಂಡು ಹೋದ. ಅಲ್ಲಿ ಆ ಹುಡುಗನಿಗೆ ಹೋಗಲು ಜಾಗವೇ ಇರಲಿಲ್ಲ.

"ಈ ವಯಸ್ಸಲ್ಲಿ ಎಲ್ಲಾ ಹುಡುಗ್ರೂ ನುಗ್ಗಿ ಬೀಳ್ತಾರೆ ಸಾರ್," ಎಂದರು ಕೋಚ್. "ಇವನು ಒಬ್ಬನೇ ಕಾಯ್ತಾನೆ. ಯಾರು ಕಲಿಸಿದ್ದು ಅಂತ ಕೇಳ್ದೆ. ಅಪ್ಪನ್ನ ನೋಡಿ ಕಲ್ತೆ ಅಂದ. ನೀವು ಯಾವ ಟೀಮಲ್ಲಿ ಆಡ್ತಿದ್ರಿ?"

ನಾನು ತಬ್ಬಿಬ್ಬಾಗಿ, "ಪರೀಕ್ಷಾ ವಿಭಾಗ," ಎಂದೆ. ಅದು ಯಾವುದೋ ಸರ್ಕಾರಿ ಇಲಾಖೆಯ ತಂಡವೆಂದು ತಿಳಿದು ಅವರು ಗೌರವದಿಂದ ತಲೆಯಾಡಿಸಿದರು. ಅರ್ಜಿ ನನ್ನದೇ ಹುಚ್ಚು, ಅವನಿಗೆ ಗೊತ್ತೇ ಇರಲಿಲ್ಲ ಎಂದು ಬಾಯಿಲೆ ಹೇಳಿದೆ. "ಹಾಗಾದ್ರೆ ಸರಿ. ಹಿಂದೆ ನಿಲ್ಲೋಕೆ ಮನಸ್ಸಿಲ್ಲದವನನ್ನ ನಾನು ಹಿಂದೆ ನಿಲ್ಲಿಸಲ್ಲ ಸಾರ್, ಅದಕ್ಕೆ ಕೂರಿಸಿದ್ದು," ಎಂದರು.

ಸ್ಕೂಟರಿನಲ್ಲಿ ಹಿಂದೆ ಕುಳಿತ ಮಗನನ್ನು ಕೇಳಿದೆ, "ನನ್ನ ನೋಡಿ ಏನ ಕಲ್ತಿಯೋ ನೀನು?"

"ಸ್ಕೂಲ್ ಬಿಟ್ಮೇಲೆ ನಿನ್ನ ಕೌಂಟರ್ ಹಿಂದೆ ಸ್ಟೂಲ್ ಮೇಲೆ ಕೂತ್ಕೋತಿದ್ನಲ್ಲ. ಎಷ್ಟು ಜನ ಎಷ್ಟು ಸ್ಪೀಡಾಗಿ ಬರ್ತಿದ್ರು! ನೀನು ಎದ್ದವನಲ್ಲ, ಕೂಗಿದವನಲ್ಲ. ಜೆರಾಕ್ಸ್ ಒಂದು ಕಡಿಮೆ ಇದೆ, ಆ ಕಡೆ ನಾಲ್ಕನೇ ಕೌಂಟರಿಗೆ ಹೋಗಪ್ಪಾ ಅಂತಿದ್ದೆ. ಒಬ್ರೂ ಒಳಗೆ ಬರ್ತಿರ್ಲಿಲ್ಲ."

ಹೊಗಳಿಕೆಯೋ ಬೈಗುಳವೋ ಎಂದು ಅಟ್ಟೂರು ಬರುವವರೆಗೂ ಲೆಕ್ಕ ಹಾಕುತ್ತ ಗಾಡಿ ಓಡಿಸಿದೆ.

ಉಳಿದ ಎರಡು ಪಂದ್ಯಗಳಲ್ಲೂ ವಿನಾಯಕ ಆಡಿದ. ಎದುರಾಳಿಗಳು ಒಂದು ಗೋಲನ್ನೂ ಹೊಡೆಯಲಿಲ್ಲ. ಮುನಿರಾಜಪ್ಪನವರು ಎಷ್ಟು ಎಂದಾಗ "ಸೊನ್ನೆ!" ಎಂದು ನಾನು ಎದೆಯುಬ್ಬಿಸಿ ಹೇಳಿದ ರೀತಿಗೆ ಅವರು ಹಾಲಿನ ಪ್ಯಾಕೆಟ್ ಮರೆತು ಮನೆಗೆ ಹೋದರು. ಕ್ಲಬ್ಬು ಕರಾರನ್ನು ಎರಡು ವರ್ಷಕ್ಕೆ ಮುಂದುವರಿಸಿತು. ಕಾಗದಪತ್ರ ನನ್ನ ಕ್ಷೇತ್ರವಲ್ಲವೇ, ಹೆಬ್ಬಾಳದ ಅವರ ಕಚೇರಿಗೆ ನಾನೇ ಹೋದೆ.

ಕೌಂಟರಿನಲ್ಲಿ ಇಪ್ಪತ್ತೈದು ದಾಟದ ಒಬ್ಬ ಹುಡುಗಿ. ಆಧಾರ್ ಪ್ರತಿ ಒಂದು ಕಡಿಮೆಯಿದೆ ಎಂದಳು. ನಾನು ಚೀಲದಿಂದ ಮೂರು ತೆಗೆದೆ. ಅವಳು ಗಾಬರಿಯಾಗಲಿಲ್ಲ. "ಪ್ಲೇಯರ್ ಬಂದಿಲ್ವಾ ಸಾರ್? ನೀವು ಫಾದರ್ರಾ? ಪರ್ವಾಗಿಲ್ಲ, ಆ ಕಡೆ ಬಾಗಿಲ ಹತ್ರ ಟೇಬಲ್ ಇದೆ, ಅಲ್ಲಿ ಕೂತ್ಕೊಂಡು ಒಂದು ಅರ್ಜಿ ಬರ್ಕೊಡಿ," ಎಂದು ನಕ್ಕು ಕೈ ತೋರಿಸಿದಳು. ಅರ್ಜಿ ಎಂದ ಕೂಡಲೇ ನನಗೆ ಹುರುಪು. ವಿಷಯ, ಉಲ್ಲೇಖ, ಲಗತ್ತು ಎಲ್ಲ ಅಚ್ಚುಕಟ್ಟಾಗಿ ಬರೆದು ತಲೆಯೆತ್ತಿದರೆ ಕೌಂಟರಿನ ಕಿಟಕಿ ಮುಚ್ಚಿತ್ತು. "ಸೋಮವಾರ ಬನ್ನಿ" ಎಂಬ ಬೋರ್ಡು ತೂಗುತ್ತಿತ್ತು.

ಬರೆದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿ, ಮಗನಿಗೆ ಫೋನ್ ಮಾಡಿದೆ. "ವಿನಾಯ್ಕಾ, ನಿಮ್ಮ ಆಫೀಸಿನ್ಯಾಗ ಒಬ್ಬಾಕಿ ಹುಡುಗಿ ಅದಾಳ. ನಿನಗಿಂತ ಚಲೋ ಡಿಫೆಂಡರ್. ಆಕಿನ್ನೂ ಟೀಮಿಗೆ ತಗೋರಿ ಅಂತ ಕೋಚಿಗೆ ಹೇಳು."

"ಹೇಳ್ತೀನಿ ಅಪ್ಪಾ," ಎಂದ ಸದರಿ ಆಟಗಾರ. "ನೀನೇನೂ ಬರೀಬೇಡ."