ಎಲೆಯಡಿಕೆ ಒಲ್ಲದ ನಾಲಿಗೆ

ಹೊಟ್ಟೆಪಾಡಿಗೆ ಕೆಲವರು ಬೆನ್ನು ಬಗ್ಗಿಸುತ್ತಾರೆ, ಕೆಲವರು ತಲೆ ಓಡಿಸುತ್ತಾರೆ. ನಾನು ನಾಲಿಗೆ ಚಾಚುತ್ತೇನೆ. ಹೀಗೆ ಹೇಳಲು ನನಗೇನೂ ನಾಚಿಕೆಯಿಲ್ಲ, ನಗುವವರು ನಗಲಿ. ಮೂಡುಬಿದಿರೆಯ ಕಾರ್ಖಾನೆಯೊಂದರಲ್ಲಿ ಅನಾನಸನ್ನು ಡಬ್ಬಿಗೆ ತುಂಬುವ ಮೊದಲು ಹುಳಿ ಅಳೆದು, ರುಚಿ ನೋಡಿ, ‘ಆಗಬಹುದು’ ಅಥವಾ ‘ಆಗದು’ ಎನ್ನುವುದು ನನ್ನ ಉದ್ಯೋಗ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ನಾನೂ ಬಂಟ್ವಾಳ ಬಿಟ್ಟು ಮೈಸೂರಿಗೆ ಹೋಗಿ ಈ ವಿದ್ಯೆ ಕಲಿತೆ. ಅಲ್ಲಿ ನಮ್ಮೆದುರು ಸಾಲಾಗಿ ನೀರಿನ ಗ್ಲಾಸುಗಳನ್ನಿಡುತ್ತಿದ್ದರು. ನೋಡಲು ಎಲ್ಲ ಒಂದೇ. ಯಾವುದರಲ್ಲಿ ಚಿಟಿಕೆ ಉಪ್ಪು, ಯಾವುದರಲ್ಲಿ ಹನಿ ಹುಳಿ ಎಂದು ಬಾಯಿಗೆ ಹಾಕಿ ಹೇಳಬೇಕು. ರಜೆಯಲ್ಲಿ ಬಂದು ಇದನ್ನು ವಿವರಿಸಿದ್ದೇ ತಪ್ಪಾಯಿತು. ಅಪ್ಪ ಪೇಟೆಯಲ್ಲಿ ಸಿಕ್ಕವರಿಗೆಲ್ಲ, “ನಮ್ಮವ ಫೀಸು ಕೊಟ್ಟು ನೀರು ಕುಡಿಯಲಿಕ್ಕೆ ಕಲೀತಿದ್ದಾನೆ” ಎಂದು ಸಾರಿಬಿಟ್ಟರು.

ಈ ವಿದ್ಯೆಗೊಂದು ವ್ರತವಿದೆ. ನಾಲಿಗೆ ಮಂದವಾಗುವ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಎಲೆಯಡಿಕೆ, ಸುಣ್ಣ, ಹೊಗೆಸೊಪ್ಪು ಪೂರ್ತಿ ವರ್ಜ್ಯ. ಬೇರೆ ಕಡೆ ಇದು ಹೇಗೋ ನಡೆದೀತು. ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು, ಹಿಂದೆಯೇ ಎಲೆಯಡಿಕೆಯ ಹರಿವಾಣ. ಅದನ್ನು ಮುಟ್ಟದೆ ಎದ್ದರೆ ಆ ಮನೆಯ ಸಂಬಂಧವೇ ಬೇಡ ಎಂದಂತೆ. ಹೀಗಿರುವಾಗ ಹೆಣ್ಣು ನೋಡಲು ಬೆಳ್ತಂಗಡಿಗೆ ಹೋದೆವು. ಸುಮತಿಯನ್ನು ಕಂಡ ಕೂಡಲೇ, ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಅಷ್ಟರಲ್ಲಿ ಹರಿವಾಣ ಬಂತು. ಅವಳ ತಂದೆ ಅಡಿಕೆ ವ್ಯಾಪಾರಿ. ತಾವೇ ಆರಿಸಿದ ಹೋಳುಗಳನ್ನು ನನ್ನ ಮುಂದಿಟ್ಟರು. ನಾನು ಕೈಮುಗಿದು ಹರಿವಾಣವನ್ನು ಮೆಲ್ಲಗೆ ಆಚೆ ಸರಿಸಿದೆ.

“ಏನು ಮಾರಾಯ್ರೇ, ನಮ್ಮ ಅಡಿಕೆಯಲ್ಲಿ ವಿಷ ಉಂಟಾ?” ಎಂದರು ಅವರು.

“ನಾಳೆ ಬೆಳಿಗ್ಗೆ ಅನಾನಸಿನ ರುಚಿ ನೋಡ್ಲಿಕ್ಕುಂಟು. ನನ್ನ ನಾಲಿಗೆಯೇ ನನ್ನ ತಕ್ಕಡಿ. ನಿಮ್ಮ ತಕ್ಕಡಿಗೆ ಯಾರಾದರೂ ಸುಣ್ಣ ಮೆತ್ತಿದರೆ ನೀವು ಸುಮ್ಮನಿರ್ತೀರಾ?”

ಪಕ್ಕದಲ್ಲಿ ಬಾಯಿತುಂಬ ಎಲೆಯಡಿಕೆ ಜಗಿಯುತ್ತಿದ್ದ ಅಪ್ಪ ನನ್ನ ಕಾಲು ತುಳಿದು, “ಒಂದು ಚೂರು ಹಾಕು, ಮತ್ತೆ ಉಗುಳುವ” ಎಂದು ಪಿಸುಗುಟ್ಟಿದರು. ಸುಮತಿ ಕೈತಪ್ಪುತ್ತಾಳೆಂದು ನನಗೆ ನಿಜವಾಗಿಯೂ ಭಯವಾಯಿತು. ಆದರೆ ಇಂದು ಮಾವನ ಮುಖ ನೋಡಿ ಒಂದು ಹೋಳು ಹಾಕಿಕೊಂಡವನು ನಾಳೆ ಮಾಲೀಕರ ಮುಖ ನೋಡಿ ಕೊಳೆತ ಹಣ್ಣಿಗೂ ‘ಆಗಬಹುದು’ ಎಂದಾನು. ನಾನು ಮುಟ್ಟಲಿಲ್ಲ. “ಹಾಗಾದ್ರೆ ಈ ಸಂಬಂಧ ಆಗ್ಲಿಕ್ಕಿಲ್ಲ” ಎಂದು ಅವರು ಎದ್ದರು. “ಆಗದಿದ್ದರೆ ಬೇಡ” ಎಂದು ನಾನೂ ಎದ್ದೆ. ಆಗ ಬಾಗಿಲ ಹಿಂದಿನಿಂದ ಸುಮತಿಯ ದನಿ ಕೇಳಿಸಿತು: “ಅಪ್ಪ, ನನಗೆ ಇವರೇ ಆಗ್ಬಹುದು. ನಿಮ್ಮದು, ದೊಡ್ಡಪ್ಪನದು ಪೀಕದಾನಿ ತೊಳೆದು ತೊಳೆದು ನನಗೆ ಸಾಕಾಗಿದೆ.” ಅಡಿಕೆ ವ್ಯಾಪಾರಿಗಳು ಕುಳಿತುಬಿಟ್ಟರು. ನನ್ನ ಅಪ್ಪ ಬಾಯಲ್ಲಿದ್ದುದನ್ನು ಹಾಗೆಯೇ ನುಂಗಿದರು.

ಮದುವೆಯಾಯಿತು. ನಮ್ಮ ಮನೆಗೆ ಬಂದು ಅವಳು ಮೊದಲ ಸಲ ಸಾರು ಮಾಡಿದಳು. ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಬಿದ್ದಿತ್ತು. ಅದನ್ನು ತಿಳಿಯಲು ಯಾವ ತರಬೇತಿಯೂ ಬೇಕಿರಲಿಲ್ಲ. ಸೌಟು ಹಿಡಿದು ಎದುರಿಗೇ ನಿಂತವಳು, “ಹೇಗುಂಟು? ನಿಮಗಾದರೆ ಸರೀ ಗೊತ್ತಾಗ್ತದೆ” ಎಂದಳು. ಮಾಲೀಕರಿಗೆ ಬಗ್ಗದ, ಮಾವನಿಗೂ ಹೆದರದ ನನ್ನ ನಾಲಿಗೆ ಒಂದು ಗಳಿಗೆ ತಡವರಿಸಿತು.

“ಭಾರೀ ಲಾಯ್ಕಾಗಿದೆ” ಎಂದೆ. “ಇನ್ನೊಂದು ಸೌಟು ಹಾಕು.”